ಕಿಟಕಿಯ ಮರಕ್ಕೆ ಏನಂತಾರೆ?

ಅತ್ತಿಗೆಯವರಿಗೆ ನಮಸ್ಕಾರ.

ಆಸ್ಪತ್ರೆ ಕಟ್ಟಲು ಕಾಡು ಕಡಿದವರು ಯಾಕೋ ಒಂದು ಮರ ಉಳಿಸಿದ್ದಾರೆ. ಅದು ನಾಲ್ಕನೇ ಮಹಡಿ ದಾಟಿ, ಎಲೆಯೇ ಕಾಣದಂತೆ ಕೆಂಪಗೆ ಹೂಬಿಟ್ಟಿದೆ. ಗುಡಿಸುವಾಕೆಗೆ ಅದು ಕಸದ ಮರ, ಕಾವಲುಗಾರನಿಗೆ ಕಾಗೆ ಮರ. ರೋಗಿಗಳು ಮಾತ್ರ ಕೊನೆ ಮಂಚದ ಮರ ಅನ್ನುತ್ತಾರೆ, ಏಕೆಂದರೆ ಡಾಕ್ಟರು ಕೈಬಿಟ್ಟವರನ್ನು ಅದರೆದುರಿನ ಕಿಟಕಿಗೆ ಸಾಗಿಸುತ್ತಾರೆ. ಇವತ್ತು ನಿಮ್ಮ ತಂಗಿಯ ಮಂಚವನ್ನೂ ಅಲ್ಲಿಗೆ ತಳ್ಳಿದರು.

"ಒಳ್ಳೆ ಜಾಗ ಸಿಕ್ತು ಕಣ್ರೀ, ಯಾರ ಕೈ ಬೆಚ್ಚಗೆ ಮಾಡಿದ್ರಿ? ಈ ಮರಕ್ಕೆ ಏನಂತಾರೆ?" ಎಂದು ನಕ್ಕಳು.

ಯಾರಿಗೂ ಬೇಡವಾದ ಬಟ್ಟೆಗೂ ಹೊಸ ಹೆಸರಿಟ್ಟು ಮಾರಿದವನು ನಾನು. ಬಾಯಿಗೆ ಒಂದು ಹೆಸರೂ ಬರಲಿಲ್ಲ.

ದುಡ್ಡು ಕಳಿಸಬೇಡಿ, ನೀವೇ ಬನ್ನಿ. ಅವಳು ಪಕ್ಕದ ಮಂಚದವರನ್ನು ಕೇಳುವ ಮುಂಚೆ ಬನ್ನಿ.

ನಿಮ್ಮ ಬಾಯಿಬಡುಕ