ಶಕ್ತಿ ಕುಗ್ಗಿಸುವ ಮಾತ್ರೆ

ಹೂಡಿ,
18 ಫೆಬ್ರವರಿ 2025

ಪೂಜ್ಯ ನಾಗಲಕ್ಷ್ಮಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಆಶಾರಾಣಿ ಮಾಡುವ ನಮಸ್ಕಾರಗಳು.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸರ್ಜಾಪುರ ಏನು ದೂರವಲ್ಲ, ಬಂದೇ ಹೇಳಬಹುದಿತ್ತು. ಮೂರು ಸಲ ಹೊರಟೆ, ಮೂರು ಸಲವೂ ಬಸ್‌ಸ್ಟಾಪಿನಿಂದ ವಾಪಸು ಬಂದೆ. ಫೋನು ನೀವು ಎತ್ತುತ್ತಿಲ್ಲ. ಎತ್ತದಿರುವುದು ಸರಿಯೇ. ಕಿಡ್ನಿ ಕೊಟ್ಟವರು ನೀವು, ಹನ್ನೊಂದೇ ತಿಂಗಳಲ್ಲಿ ಅದನ್ನು ಹಾಳು ಮಾಡಿಕೊಂಡವರು ನಾವು.

ಇವರು ಮನೆಗೆ ಬಂದಿದ್ದಾರೆ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಮೊದಲಿನ ಹಾಗೆಯೇ. ನೀವು ಆಸ್ಪತ್ರೆಯಲ್ಲಿ "ನನ್ ಮೈ ಕುಯ್ಸಿ ಕೊಟ್ಟಿದ್ನ ತಿಪ್ಪೆಗೆ ಆಕ್ಬುಟ್ಟಲ್ಲೋ ನರಸಪ್ಪ" ಎಂದು ಎದ್ದು ಹೋದಿರಲ್ಲ, ಅವತ್ತಿನಿಂದ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಊಟ ಸೇರುವುದಿಲ್ಲ. ಅಕ್ಕನ ಫೋನ್ ಬಂತಾ ಎಂದು ಮಾತ್ರ ದಿನಕ್ಕೊಮ್ಮೆ ಕೇಳುತ್ತಾರೆ. ಅವರೊಂದಿಗೆ ಒಂದು ಮಾತಾಡಿ, ಅಕ್ಕ. ಅದನ್ನು ಕೇಳಿಕೊಳ್ಳುವುದಕ್ಕೇ ಈ ಕಾಗದ.

ನನಗಂತೂ ಈಗ ಯಾರನ್ನು ನೋಡಿದರೂ ಹೇಸಿಗೆ. ನಿಮ್ಮ ಚಿಕ್ಕಪ್ಪ ರಾಮಾಂಜಿನಪ್ಪನವರು ನೋಡಲು ಬಂದು, ತಂದ ಸೇಬನ್ನು ತಾವೇ ಹೆಚ್ಚಿ ತಿಂದು, "ಎಂಗಸ್ರ ಕಿಡ್ನಿ ಗಂಡಸಿನ ಮೈಗೆ ಎಲ್ಲಿ ಒಂದ್ತದಮ್ಮ" ಎಂದರು. ಸಿಪ್ಪೆಯನ್ನು ಮಂಚದ ಕೆಳಗೆ ಬಿಟ್ಟು ಹೋದರು. ಅದನ್ನು ಗುಡಿಸಿ ತೆಗೆದವಳು ನಾನು.

ನಮ್ಮ ಮೂರನೇ ಮಹಡಿಯ ಬಾಡಿಗೆಯ ಕರಿಬಸಪ್ಪನವರನ್ನು ನೀವು ನೋಡಿದ್ದೀರಿ, ಹಾವೇರಿ ಕಡೆಯವರು. ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಇಮ್ಯೂನಿಟಿ ಪುಡಿ ಮಾರುತ್ತಾರೆ. ನಮ್ಮದೇ ತಾರಸಿಯ ಮೇಲೆ ಟೆಕ್ ಪಾರ್ಕಿನವರನ್ನು ಕೂರಿಸಿಕೊಂಡು ಭಾಷಣ ಬೇರೆ. "ಮೈಯಾಗ ಶಕ್ತಿ ಒಂದಿದ್ರ ಯಾವ ರೋಗಾನೂ ಹತ್ರ ಸುಳಿಯಂಗಿಲ್ರಿ ತಾಯಿ" ಎಂದು ನನಗೂ ಹೇಳಿದ್ದರು. ಕಾಂಪೌಂಡಿನ ಅಮೃತಬಳ್ಳಿ ತೋರಿಸಿ, ಮನೆಯಲ್ಲೇ ಇಟ್ಟುಕೊಂಡು ಸುಮ್ಮನಿದ್ದೀರಲ್ಲ ಎಂದಿದ್ದರು. ಈಗ ಅವರ ಬಾಯಲ್ಲಿ ಶಕ್ತಿ ಎಂಬ ಮಾತು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತೇನೆ.

ಆದರೆ ಆ ಮಾತು ಮೊದಲು ನಮ್ಮ ಮನೆಗೆ ಬಂದದ್ದು ಆಸ್ಪತ್ರೆಯ ಹಾಳೆಯಲ್ಲಿ. ಆಪರೇಷನ್ ಆಗಿ ಮನೆಗೆ ಕಳಿಸುವಾಗ ಕನ್ನಡದಲ್ಲೇ ಬರೆದು ಕೊಟ್ಟಿದ್ದರು: "ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ, ದಿನಕ್ಕೆರಡು ಬಾರಿ, ತಪ್ಪಿಸಬಾರದು." ಗಂಡನ ಶಕ್ತಿ ಕುಗ್ಗಿಸುವ ಮಾತ್ರೆಯನ್ನು ಯಾವ ಹೆಂಡತಿ ಧೈರ್ಯವಾಗಿ ಕೊಟ್ಟಾಳು ಹೇಳಿ. ದೀಪಾವಳಿ ಕಳೆದ ಮೇಲೆ ಇವರಿಗೆ ಕೆಮ್ಮು ಬಿಡಲಿಲ್ಲ, ಬಾಯಿ ತುಂಬ ಹುಣ್ಣು. ಶಕ್ತಿ ಇಲ್ಲದ್ದಕ್ಕೇ ಹೀಗೆ ಎಂದು ಮನೆಯಲ್ಲಿ ಮಾತಾಯಿತು. ಮಾತ್ರೆ ಅರ್ಧವಾಯಿತು, ಆ ಬಳ್ಳಿಯ ಕಷಾಯ ಶುರುವಾಯಿತು. ಕೆಮ್ಮು ನಿಂತಾಗ ಎಲ್ಲರೂ ಖುಷಿಪಟ್ಟೆವು. ಆರನೇ ವಾರಕ್ಕೆ ಕಾಲು ಊದಿಕೊಂಡಿತು.

ಎಲ್ಲ ಮುಗಿದ ಮೇಲೆ ಡಾಕ್ಟರ್ ಶಾಂತಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. "ಮೈಯೊಳಗೆ ಒಂದು ಕಾವಲು ಇದೆ ಕಣಮ್ಮ, ಬಿಳಿ ರಕ್ತಕಣಗಳದು. ಸಿಕ್ಕಿದ್ದನ್ನೆಲ್ಲಾ ಮುಟ್ಟಿ ನೋಡ್ತವೆ, ಇದು ನಮ್ದಾ, ಹೊರಗಿಂದಾ ಅಂತ. ಹೊರಗಿಂದು ಅನ್ನಿಸಿದ್ರೆ ಕೆಲವು ನುಂಗ್ತವೆ, ಕೆಲವು ಕೊಲ್ತವೆ, ಕೆಲವು ಗುರುತು ಇಟ್ಕೊಳ್ತವೆ. ಚಿಕ್ಕೋರಿದ್ದಾಗ ಬಂದ ದಡಾರ ಮತ್ತೆ ಬರಲ್ವಲ್ಲ, ಅದಕ್ಕೇ. ಆದ್ರೆ ಕಿಡ್ನಿ ಅಕ್ಕನದು ಅಂತ ನಿಮಗೆ ಗೊತ್ತು, ಆ ಕಣಗಳಿಗೆ ಗೊತ್ತಿಲ್ಲ. ಅವುಗಳ ಪಾಲಿಗೆ ಅದೂ ಹೊರಗಿಂದೇ. ಮಾತ್ರೆ ಕೊಟ್ಟಿದ್ದು ಅವು ಸ್ವಲ್ಪ ತೂಕಡಿಸ್ಲಿ ಅಂತ. ನೀವು ಎಬ್ಬಿಸಿಬಿಟ್ರಿ."

ಅವರ ಹತ್ತಿರ ನಾನು ಅಳಲಿಲ್ಲ. ಇವರು ಮಗುವಾಗಿದ್ದಾಗ ಒಂದೇ ಕೌದಿಯೊಳಗೆ ಮಲಗಿಸಿಕೊಂಡು ಸಾಕಿದ ಅಕ್ಕನನ್ನು ಆ ರಕ್ತ ಹೊರಗಿನವಳು ಎಂದಿತಲ್ಲ ಎಂದು ಅದರ ಮೇಲೇ ಹೇಸಿಗೆಯಾಯಿತು. ಅದನ್ನು ಬೈದು ಏನು ಬಂತು. ಇಷ್ಟು ವರ್ಷ ಜ್ವರ, ಕಾಮಾಲೆಯಲ್ಲೆಲ್ಲ ಇವರನ್ನು ಉಳಿಸಿದ್ದೂ ಅದೇ ಕಾವಲು.

ಕಷಾಯದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ. ಆ ಕಹಿ ವಾಸನೆ ಹೋಗಲಿಲ್ಲ, ಕೊನೆಗೆ ಕಸದ ಗಾಡಿಗೆ ಹಾಕಿದೆ. ಬಳ್ಳಿಯನ್ನೂ ಕಿತ್ತು ಬಿಸಾಡಿದೆ. ಕಾಂಪೌಂಡಿನ ಮೇಲೆ ಉಳಿದ ತುಂಡುಗಳು ಬೇರಿಲ್ಲದೆಯೂ ಚಿಗುರುತ್ತಿವೆ. ನನ್ನ ಕೈಯನ್ನು ಮೂಗಿನ ಹತ್ತಿರ ತಂದರೆ ಈಗಲೂ ಅದೇ ವಾಸನೆ, ಅನ್ನ ಕಲಸಲು ಅಸಹ್ಯವಾಗುತ್ತದೆ.

ನಿಮ್ಮ ಹೊಲಿಗೆಯ ಜಾಗ ಚಳಿಗೆ ಸೆಳೆಯುತ್ತದೆ ಎಂದಿದ್ದಿರಿ, ನೀರು ಚೆನ್ನಾಗಿ ಕುಡಿಯಿರಿ, ಭಾರ ಎತ್ತಬೇಡಿ. ದೇವರು ನಿಮಗೆ ಉಳಿದಿರುವ ಒಂದನ್ನಾದರೂ ಚೆನ್ನಾಗಿಟ್ಟಿರಲಿ. ನನಗೆ ಆಶೀರ್ವಾದ ಕೇಳುವ ಮುಖವಿಲ್ಲ. ನಿಮ್ಮ ತಮ್ಮನನ್ನು ಹರಸಿ.

ಇಂತಿ,
ಆಶಾರಾಣಿ

ತಾ. ಕ.: ಮೇಲೆ "ಮಾತ್ರೆ ಅರ್ಧವಾಯಿತು" ಎಂದು ಬರೆದಿದ್ದೇನೆ. ತಾನಾಗಿ ಆಗಲಿಲ್ಲ, ಅಕ್ಕ. ದಿನದ ಎರಡನೇ ಸಲದ ಮಾತ್ರೆಯನ್ನು ಡಬ್ಬಿಯಿಂದ ತೆಗೆದಿಟ್ಟವಳು ನಾನು. "ಡಾಕ್ಟರ್‌ನ ಒಂದ್ ಮಾತು ಕೇಳ್ರಿ" ಎಂದು ಕರಿಬಸಪ್ಪ ಕೂಡ ಹೇಳಿದ್ದರು, ಕೇಳಿದ್ದೇನೆ ಎಂದು ಸುಳ್ಳು ಹೇಳಿದೆ. ಇವರು ಮೊದಲ ದಿನವೇ ಕಷಾಯದ ಲೋಟ ಪಕ್ಕಕ್ಕೆ ಸರಿಸಿ, "ಬ್ಯಾಡ ಕಣೆ, ಡಾಕ್ಟ್ರು ಏನೂ ಕುಡೀಬ್ಯಾಡ ಅಂದವ್ರೆ" ಎಂದರು. ಆಗ ನಾನು "ನಿಮ್ಮಕ್ಕನ ಮೇಲಾಣೆ, ಕುಡೀರಿ" ಎಂದೆ. ನಿಮ್ಮ ಹೆಸರಿಗೆ ಮೂಗು ಹಿಡಿದುಕೊಂಡು ಕುಡಿದರು, ದಿನವೂ ಕುಡಿದರು. ಆಸ್ಪತ್ರೆಯಲ್ಲಿ ನೀವು ಬೈಯುವಾಗ "ನಾನೇ ಕುಡಿದೆ ಅಕ್ಕ" ಎಂದು ಹೇಳಿ, ನಾನು ಬಾಯಿ ಬಿಡದಂತೆ ಚಾದರದ ಕೆಳಗೆ ನನ್ನ ಕೈ ಅದುಮಿ ಹಿಡಿದರು. ನಾನೂ ಬಾಯಿ ಬಿಡಲಿಲ್ಲ.