ದಡಿಯನ ಓಡಾಟ

ಅಕ್ಕಾ,

ದಡಿಯ ಸತ್ತು ಇವತ್ತಿಗೆ ಒಂಬತ್ತು ದಿನ. ನಿನಗೆ ಗೊತ್ತಿಲ್ಲ, ನಾನು ತಿಳಿಸಲಿಲ್ಲ. ನನ್ನ ಜೊತೆ ಜಗಳವಾಡಿ ನೀನು ಮನೆ ಬಿಟ್ಟ ದಿನದಿಂದಲೇ ನಿನ್ನ ನಾಯಿ ದಡಿಯ ಊಟ ಬಿಟ್ಟ. ನಿನ್ನ ಕೋಣೆಯ ಬಾಗಿಲಿಗೆ ಮೂತಿ ಒತ್ತಿಕೊಂಡು ಮಲಗಿದ.

"ಮನೇಲಿ ಯಾರಾದ್ರೂ ದೂರ ಹೋಗಿದಾರಾ?" ಎಂದು ನಾಯಿ ಡಾಕ್ಟರು ಕೇಳಿದರು. ಇಲ್ಲ ಎಂದುಬಿಟ್ಟೆ.

ಆ ವಾರ ನೀನು ಎರಡು ಸಲ ಫೋನ್ ಮಾಡಿದ್ದೆ. ನಾನು ಎತ್ತಲಿಲ್ಲ.

ಇವತ್ತು ಮಧ್ಯಾಹ್ನ ರವಿಕೆ ಹೊಲಿಯುತ್ತಿದ್ದಾಗ ನೆಲದ ಮೇಲೆ ಟಕಟಕ ಉಗುರಿನ ಸದ್ದು ಕೇಳಿಸಿತು. ಮಿಷನ್ ನಿಲ್ಲಿಸಿದೆ. ಸದ್ದು ನಿನ್ನ ಕೋಣೆಯವರೆಗೂ ಹೋಗಿ ನಿಂತಿತು. ಎದ್ದು ನೋಡಿದರೆ ಏನೂ ಇಲ್ಲ. ನನ್ನ ತಲೆಯೇ ಕೆಟ್ಟಿದೆ ಎಂದುಕೊಂಡು ಮುಖ ತೊಳೆದೆ.

ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದರು. ತಿಂಗಳಿಡೀ ಮಗಳ ಮನೆಯಲ್ಲಿದ್ದು ಬೆಳಿಗ್ಗೆಯಷ್ಟೇ ವಾಪಸಾದವರು. ಅವರಿಗೆ ಯಾವುದೂ ಗೊತ್ತಿಲ್ಲ.

"ಏನಮ್ಮಾ, ನಿಮ್ಮ ದಡಿಯ ಬೆಳಗ್ಗಿಂದ ನಮ್ಮ ತಲೆ ಮೇಲೆ ಒಂದೇ ಸಮ ಓಡಾಡ್ತಾನೇ ಇದಾನೆ. ಏನಾಗಿದೆ ಅವನಿಗೆ?"

ನಿಜ ಹೇಳಲು ಬಾಯಿ ತೆರೆದೆ.

"ಅಕ್ಕನ್ನ ಹುಡುಕ್ತಿದಾನೆ ಅಜ್ಜಿ" ಎಂದೆ.

"ಹಾಗಿದ್ರೆ ಅವಳನ್ನ ಕರೀಬಾರದೇನಮ್ಮಾ?" ಎಂದರು.