ಕಡಲೂರಿನ ಮೇಲೆ ಗುಂಡುಸೂಜಿ

ಶಿಡ್ಲಘಟ್ಟ
೨-೧೧-೧೯೬೩

ಚಿ॥ ಸೌ॥ ಶ್ಯಾಮಲಳಿಗೆ ನಿನ್ನ ಅಮ್ಮ ಮನಸಾರೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ಪದ್ಧತಿ. ನಿನ್ನ ಕಾಗದ ಓದಿದ ಮೇಲೆ ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಮೈಯಲ್ಲಿ ಕ್ಷೇಮವಾಗಿದ್ದೇವೆ, ಅಷ್ಟು ತಿಳಿದುಕೋ. ನಿನ್ನ ಕಾಲು ಊದಿಕೊಂಡಿದ್ದು ಇಳಿಯಿತೇ, ಮಗು ಒದೆಯುತ್ತಿದೆಯೇ, ಮನೆಗೆ ಹೆಂಚು ಹೊದಿಸಿದರೇ, ಇದೆಲ್ಲ ಕೇಳಬೇಕು ಅನ್ನಿಸುತ್ತದೆ. ಕೇಳಲು ಮುಖವಿಲ್ಲ.

ನಿನ್ನ ಕಾಗದದಲ್ಲಿ ನನಗೆ ಅಂತ ಬರೆದಿರುವುದು ಎರಡೇ ಮಾತು, ಉಳಿದದ್ದೆಲ್ಲ ನಿಮ್ಮಪ್ಪನಿಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಚಿಂತಾಮಣಿಗೆ ಅತ್ತೆಯವರ ಮನೆಗೇ ಹೋಗುತ್ತೇನೆ, ಕರೆಯಲು ಯಾರೂ ಬರಬೇಡಿ ಅನ್ನುವುದು ಒಂದು. ಬಿರುಗಾಳಿ ನಮ್ಮ ಕಡಲೂರಿಗೇ ಬರುತ್ತದೆ ಅಂತ ರೇಡಿಯೋದಲ್ಲಿ ಹೇಳಿದಾಗ ನೀನು ಚಪ್ಪಾಳೆ ತಟ್ಟಿದೆಯಂತೆ, ನಿಜವೇ ಅಮ್ಮ ಅನ್ನುವುದು ಇನ್ನೊಂದು.

ಇದನ್ನು ನಿನಗೆ ಬರೆದವರು ಯಾರು ಅಂತ ನಾನೇನೂ ಕೇಳುವುದಿಲ್ಲ. ನಿನ್ನ ಸೋದರತ್ತೆ ಗಂಗುಲಮ್ಮನಿಗೆ ಓದು ಬರಹ ಕಲಿಯಲು ವಯಸ್ಕರ ಶಾಲೆಗೆ ಕೈಹಿಡಿದು ಕರೆದುಕೊಂಡು ಹೋದವಳು ನಾನೇ. ಮಾಡಿದ್ದುಣ್ಣೋ ಮಹರಾಯ ಅಂದ ಹಾಗಾಯಿತು.

ಚಪ್ಪಾಳೆಯ ವಿಷಯ ಹೇಳುತ್ತೇನೆ. ಅವತ್ತು ಸಂಜೆಯೆಲ್ಲ ರೇಡಿಯೋ ಕರಕರ ಅನ್ನುತ್ತಿತ್ತು. ಸುದ್ದಿ ಶುರುವಾಗುವ ಹೊತ್ತಿಗೆ ಸರಿಯಾಗಿ ಧ್ವನಿ ತಿಳಿಯಾಯಿತು. ಆ ಖುಷಿಗೆ ತಟ್ಟಿದೆ, ಅಷ್ಟೇ.

ನಮ್ಮ ಗಾಳಿ ಪಂಚಾಯ್ತಿಯ ಸಂಗತಿ ನಿನಗೆ ಪೂರಾ ಗೊತ್ತಿಲ್ಲ. ಗಾಳಿ ಪಂಚಾಯ್ತಿ ಅನ್ನುವ ಹೆಸರೂ ಗಂಗುಲಮ್ಮ ಇಟ್ಟದ್ದೇ. ನೀನು ಮದುವೆಯಾಗಿ ಹೋದ ಮೇಲೆ ಮನೆ ಭಣಭಣ ಅನ್ನುತ್ತಿತ್ತು. ಆಗ ನಿಮ್ಮಪ್ಪ ರೇಡಿಯೋ ತಂದರು. ರೇಷ್ಮೆಹುಳು ಸಾಕುವವರಿಗೆ ಮಳೆಯ ಸುದ್ದಿ ಬೇಕೇ ಬೇಕು. ಒದ್ದೆ ಸೊಪ್ಪು ತಿಂದರೆ ಹುಳು ಕಾಯಿಲೆ ಬಿದ್ದು ಸಾಯುತ್ತದೆ, ಮಳೆ ಬರುವುದು ಮೊದಲೇ ತಿಳಿದರೆ ಸೊಪ್ಪು ಕೊಯ್ದು ಒಳಗಿಟ್ಟುಕೊಳ್ಳಬಹುದು. ಹೀಗೆ ಉಪಯೋಗಕ್ಕೆ ಅಂತ ಶುರುವಾದದ್ದು ಚಟವಾಯಿತು. ಬೆಂಗಳೂರಿನಿಂದ ಹಳೆಯ ಬರಾಮೀಟರ್ ಒಂದು ಬಂತು. ಅದನ್ನು ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದರು. ಬೆಳಗ್ಗೆ ಎದ್ದವರು ದೇವರಿಗೆ ಕೈಮುಗಿಯುವುದು ಬಿಟ್ಟು ಅದರ ಗಾಜು ತಟ್ಟಿ ನೋಡುತ್ತಿದ್ದರು.

ಹಿಂದಿನ ಬೀದಿಯ ಅಸದುಲ್ಲಾ ಸಾಹೇಬರು, ಅದೇ ಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಯವರು, ಇಂಗ್ಲಿಷ್ ಸುದ್ದಿ ಕೇಳಿ ಅರ್ಥ ಹೇಳುತ್ತಿದ್ದರು. ನಮ್ಮ ತೋಟದ ಮಗ್ಗುಲ ತೋಟದ ಆವುಲಪ್ಪನೂ ಬಂದು ಕೂರುತ್ತಿದ್ದ. ಗೋಡೆಗೆ ಬಂಗಾಳಕೊಲ್ಲಿಯ ನಕ್ಷೆ ಹಚ್ಚಿ, ಬಿರುಗಾಳಿ ಎಲ್ಲಿದೆ ಅಂತ ರೇಡಿಯೋ ಹೇಳಿದರೆ ಅಲ್ಲಿಗೆ ಗುಂಡುಸೂಜಿ ಚುಚ್ಚುವುದು, ಮುಂದೆ ಯಾವ ಊರಿಗೆ ಬೀಳುತ್ತದೆ ಅಂತ ವಾದ ಹೂಡುವುದು ಅವರ ಆಟ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕಾಫಿ ಕೊಡುವವಳು. ಗೂಡು ಕಟ್ಟಲು ಹುಳು ಬಿಡುತ್ತೇವಲ್ಲ, ಆ ಚಂದ್ರಿಕೆಯಲ್ಲಿ ಬಿದಿರು ಸುತ್ತಿಕೊಂಡು ಹೋದ ಹಾಗೆಯೇ ಬಿರುಗಾಳಿಯೂ ಸುತ್ತುವುದು ಅಂತ ಸಾಹೇಬರು ಒಮ್ಮೆ ಹೇಳಿದರು. ನಾನು ಒಲೆಯ ಮೇಲಿನ ಹಾಲು ಮರೆತು ನಿಂತುಬಿಟ್ಟೆ. ಹಾಲು ಉಕ್ಕಿ ಒಲೆ ಆರಿತು. ಅವತ್ತಿನಿಂದ ನಾನೂ ಪಂಚಾಯ್ತಿಗೆ ಸೇರಿದೆ.

ಶ್ಯಾಮಲ, ನನಗೆ ಅದು ಎಷ್ಟು ಹಿಡಿಸಿತು ಅಂದರೆ ಹೇಳಲು ನಾಚಿಕೆ. ಮದುವೆಯಾಗಿ ಇಷ್ಟು ವರ್ಷ ನನ್ನ ಮಾತು ಉಪ್ಪು ಖಾರಕ್ಕೆ ನಡೆಯುತ್ತಿತ್ತು. ಇಲ್ಲಿ ಮೂವರು ಗಂಡಸರು ನನ್ನ ಬಾಯಿ ನೋಡುತ್ತಿದ್ದರು. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದರೆ ಆ ಕಡೆಗೆ ಬಿರುಗಾಳಿ ಇರುತ್ತದೆ ಅಂತ ಸಾಹೇಬರು ಎಲ್ಲೋ ಓದಿ ಹೇಳಿದ್ದರು. ನಾನು ಹಿತ್ತಿಲಿಗೆ ಹೋಗಿ ಕಸ ಗುಡಿಸುವ ನೆಪದಲ್ಲಿ ಕೈ ಚಾಚಿಕೊಂಡು ನಿಲ್ಲುತ್ತಿದ್ದೆ. ಗಂಗುಲಮ್ಮ ನೋಡಿ, ಅತ್ತಿಗೆಗೆ ಯಾರೋ ಮಾಟ ಮಾಡಿಸಿದಾರೆ ಕಣೋ ಅಂತ ನಿಮ್ಮಪ್ಪನಿಗೆ ಹೇಳಿದಳು.

ಈ ಸಲದ ಬಿರುಗಾಳಿ ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ. ಮೇಲಕ್ಕೆ, ನೆಲ್ಲೂರಿನ ಕಡೆಗೆ ಹೋಗುತ್ತದೆ ಅಂತ ಮೂವರೂ ಒಂದೇ ಪಟ್ಟು. ನೆಲ್ಲೂರ್ಕೇ ಪೋತುಂದಿ ಚೂಡಮ್ಮ, ಬೇಕಾದ್ರೆ ಬರ್ದಿಟ್ಕೋ ಅಂತ ಆವುಲಪ್ಪ ತೊಡೆ ತಟ್ಟಿದ. ನಾನು ಇಲ್ಲ ಅಂದೆ. ಸಾಹೇಬರ ಕಾರ್ಖಾನೆಯ ಒಲೆಗಳ ಹೊಗೆ ಬೆಳಗಿನಿಂದ ದೇವನಹಳ್ಳಿ ಕಡೆಗೇ ಬಾಗಿತ್ತು. ಬಿರುಗಾಳಿ ಮೇಲಕ್ಕೆ ಹೋಗುತ್ತಿದ್ದರೆ ಹೊಗೆ ತಿರುಗಿ ಕೋಲಾರದ ಕಡೆ ಬೀಳಬೇಕಿತ್ತು. ಮಾರನೆಯ ದಿನವೂ ಅದು ತಿರುಗಲಿಲ್ಲ. ನಾನು ನಕ್ಷೆಯ ಮುಂದೆ ನಿಂತು ಕಡಲೂರಿನ ಮೇಲೆ ನನ್ನ ಗುಂಡುಸೂಜಿ ಚುಚ್ಚಿದೆ. ಇಲ್ಲಿಗೇ ಬರೋದು, ನೋಡ್ತಾ ಇರಿ ಅಂದೆ. ಮೂವರೂ ನಕ್ಕರು. ನಿಮ್ಮಪ್ಪ ಸ್ವಲ್ಪ ಜೋರಾಗಿಯೇ ನಕ್ಕರು. ಆ ನಗು ನನಗೆ ಚುಚ್ಚಿತು. ಆಮೇಲೆ ನನಗೆ ಇದ್ದದ್ದು ಒಂದೇ ಹಂಬಲ, ನಾನು ಗೆಲ್ಲಬೇಕು.

ಚಪ್ಪಾಳೆ ತಟ್ಟಿದ್ದು ಅದಾಗಿ ಎರಡು ದಿನಕ್ಕೆ. ಆ ಸಂಜೆ ಅಸದುಲ್ಲಾ ಸಾಹೇಬರ ತಾಯಿ ಬಿಸ್ಮಿಲ್ಲಾ ಬೀಯವರೂ ಬಂದಿದ್ದರು. ಅವರಿಗೆ ಗಾಳಿಯ ಹುಚ್ಚಿಲ್ಲ. ನಿನ್ನ ಬಯಕೆಗೆ ಅಂತ ಮಾವಿನಕಾಯಿ ಉಪ್ಪಿನಕಾಯಿ ಹಾಕಿ, ಯಾರಾದರೂ ಕಡಲೂರಿಗೆ ಹೋಗುವವರಿದ್ದರೆ ಕಳಿಸಿ ಅಂತ ಭರಣಿ ತಂದಿದ್ದರು. ನಾನು ಅದನ್ನು ಈಸಿಕೊಂಡು, ಕೂತ್ಕೊಳ್ಳಿ ಅಮ್ಮ, ಸುದ್ದಿ ಬರ್ತಾ ಇದೆ ಅಂತ ಬಾಯಿಮೇಲೆ ಬೆರಳಿಟ್ಟೆ. ಇದನ್ನು ಗಮನಿಸು. ನಿನಗೆ ಕಳಿಸಬೇಕಾದ ಭರಣಿ ನನ್ನ ಕಂಕುಳಲ್ಲೇ ಇತ್ತು.

ಮೇಲೆ ರೇಡಿಯೋ ಕರಕರದ ಮಾತು ಬರೆದೆನಲ್ಲ, ಅದು ಸುಳ್ಳು. ರೇಡಿಯೋ ಅವತ್ತು ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿತ್ತು. ಬಿರುಗಾಳಿ ದಿಕ್ಕು ಬದಲಿಸದೆ ಬರುತ್ತಿದೆ, ಬಹಳ ಬಲವಾಗಿದೆ, ರಾತ್ರಿ ಕಡಲೂರಿನ ಹತ್ತಿರ ದಡ ಸೇರುತ್ತದೆ ಅಂತ ಸುದ್ದಿ ಬಂತು. ಸಾಹೇಬರು ಅರ್ಥ ಹೇಳಿ ಮುಗಿಸುವ ಮೊದಲೇ ಭರಣಿ ಕೆಳಗಿಟ್ಟು ಎರಡು ಕೈಯಿಂದ ಚಪ್ಪಾಳೆ ತಟ್ಟಿದೆ. ಗೆದ್ದೆ ಅಂದೆ. ನಿಮ್ಮಪ್ಪನ ಮುಖಕ್ಕೆ ಕೈ ತೋರಿಸಿ, ಈಗ ನಗಿ ನೋಡಣ ಅಂದೆ. ಆವುಲಪ್ಪನೂ ನಗುತ್ತಾ ಕೈಮುಗಿದು, ನೀನು ಬಿಡಮ್ಮ, ಗಾಳಿಗೇ ಗುರು ಅಂದ. ಗಂಗುಲಮ್ಮ ಇದನ್ನೆಲ್ಲ ನಿನಗೆ ಬರೆದಿರಲಾರಳು. ಅವಳು ಒಳಗೆ ಬಂದದ್ದು ಚಪ್ಪಾಳೆಯ ಸದ್ದಿಗೆ.

ಆಗ ಬಿಸ್ಮಿಲ್ಲಾ ಬೀಯವರು ಮೆತ್ತಗೆ ಕೇಳಿದರು. ಕಡಲೂರು ಅಂದ್ರೆ ನಮ್ಮ ಶ್ಯಾಮಲಮ್ಮ ಇರೋ ಊರೇ ಅಲ್ವೇನಮ್ಮ ಅಂತ.

ನಿಮ್ಮಪ್ಪ ರೇಡಿಯೋ ಆರಿಸಿದರು. ಸಾಹೇಬರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತರು. ನನ್ನ ಕೈಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಅವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲಿಯ ಜಾಗದಲ್ಲಿ ನನ್ನ ಮಗಳು, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು.

ನನಗೆ ಮರೆತಿತ್ತು ಅಂತ ಬರೆಯಬಹುದು. ಅಳಿಯಂದಿರಿಗೆ ವರ್ಗವಾಗಿ ನೀನು ಆ ಊರಿಗೆ ಹೋಗಿ ಇನ್ನೂ ಆರು ತಿಂಗಳಾಗಿಲ್ಲ, ನಕ್ಷೆಯಲ್ಲಿ ಅದು ಬರೀ ಒಂದು ಚುಕ್ಕೆ ಅಂತ ಬರೆದರೆ ನೀನು ನಂಬಬಹುದು. ನಿಮ್ಮಪ್ಪನಿಗೆ ಹಾಗೇ ಹೇಳಿದೆ. ನಿಜವಾಗಿ ಮರೆತಿರಲಿಲ್ಲ. ಗುಂಡುಸೂಜಿ ಚುಚ್ಚುವಾಗಲೇ, ಅಯ್ಯೋ ಇದು ಶ್ಯಾಮಲನ ಊರಲ್ಲವೇ ಅಂತ ಒಂದು ಗಳಿಗೆ ಅನ್ನಿಸಿತು. ನಂಬಿದ್ದರೆ ಆಗಲೇ ಅಳಿಯಂದಿರಿಗೆ ತಂತಿ ಕೊಡಬೇಕಿತ್ತು, ಅವಳನ್ನು ರೈಲು ಹತ್ತಿಸಿ ಕಳಿಸಿ ಅಂತ. ನಂಬದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಂತಿ ಕೊಟ್ಟರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲರೂ ಗಾಬರಿಯಾಗುತ್ತಿದ್ದರು, ನನ್ನ ಗೆಲುವು ಯಾರಿಗೂ ಬೇಕಾಗುತ್ತಿರಲಿಲ್ಲ. ಅದಕ್ಕೇ ಆ ಯೋಚನೆಯನ್ನು ಪಕ್ಕಕ್ಕೆ ತಳ್ಳಿದೆ. ಎರಡು ದಿನ ಸಿಕ್ಕಿತ್ತು ನನಗೆ, ಶ್ಯಾಮಲ. ಚಪ್ಪಾಳೆಗಿಂತ ಇದು ದೊಡ್ಡದು. ಇದು ಗಂಗುಲಮ್ಮನಿಗೆ ಗೊತ್ತಿಲ್ಲ, ನಿಮ್ಮಪ್ಪನಿಗೂ ಗೊತ್ತಿಲ್ಲ.

ಆಮೇಲೆ ನಿಮ್ಮ ಕಡೆ ತಂತಿ ಕಂಬ ಬಿದ್ದು ಸುದ್ದಿಯೇ ಇಲ್ಲ. ಇಲ್ಲಿಗೂ ಮಳೆ ಬಂತು. ಹುಳು ಪೊರೆ ಬಿಡುವ ನಾಲ್ಕನೆಯ ಜ್ವರದಿಂದ ಎದ್ದು ಹಸಿದಿದ್ದವು. ನಿಮ್ಮಪ್ಪ ಒಂದೊಂದೇ ಎಲೆಯನ್ನು ಪಂಚೆಯಲ್ಲಿ ಒರೆಸಿ ಹಾಕುತ್ತಿದ್ದರು, ನನ್ನ ಜೊತೆ ಮಾತಿಲ್ಲ. ನಾನು ದೇವರ ಮುಂದೆ ಕೂತರೆ ಪಕ್ಕದಲ್ಲೇ ಆ ಬರಾಮೀಟರ್. ಏನಂತ ಬೇಡಲಿ? ಗಾಳಿ ಅಲ್ಲಿಗೇ ಬರಲಿ ಅಂತ ಎರಡು ದಿನ ಬಯಸಿದವಳು, ಈಗ ಬೇಡ ಅಂದರೆ ಯಾವ ದೇವರು ಕೇಳುತ್ತಾನೆ? ಅಳಿಯಂದಿರ ತಂತಿ ಬಂದು ಇಬ್ಬರೂ ಕ್ಷೇಮ ಅಂತ ತಿಳಿದಾಗ ಬಿಸ್ಮಿಲ್ಲಾ ಬೀಯವರು ನನ್ನನ್ನು ತಬ್ಬಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಅವರ ಮುಂದೆ ಅಳುವುದಕ್ಕೂ ನಾಚಿಕೆಯಾಯಿತು.

ಈಗ ಪಂಚಾಯ್ತಿ ಇಲ್ಲ. ಆವುಲಪ್ಪ ತೋಟದಿಂದ ನೇರ ಮನೆಗೆ ಹೋಗುತ್ತಾನೆ. ಸಾಹೇಬರು ಬೀದಿಯಲ್ಲಿ ಕಂಡರೆ ನಿನ್ನ ಆರೋಗ್ಯ ಕೇಳುತ್ತಾರೆ, ಗಾಳಿಯ ಮಾತೆತ್ತುವುದಿಲ್ಲ.

ನಿನಗೆ ಏಳು ತುಂಬುತ್ತಿದೆ. ಎಂಟಕ್ಕೆ ಬಿದ್ದರೆ ಪ್ರಯಾಣ ಮಾಡಿಸುವುದಿಲ್ಲ ಅನ್ನುವುದು ನಿನಗೂ ಗೊತ್ತು. ಅದಕ್ಕೇ ಈ ಕಾಗದ ಅವಸರದಲ್ಲಿ ಬರೆಯುತ್ತಿದ್ದೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಊರವರು ಏನಂದುಕೊಳ್ಳುತ್ತಾರೆ ಅಂತ ನಾನು ಬರೆಯುವುದಿಲ್ಲ. ಏನಾದರೂ ಅಂದುಕೊಳ್ಳಲಿ, ನಾನು ಅದಕ್ಕೆ ತಕ್ಕವಳೇ. ನಿನ್ನ ಅತ್ತೆಯವರು ಒಳ್ಳೆಯವರು, ನಿನ್ನನ್ನು ನನಗಿಂತ ಚೆನ್ನಾಗಿಯೇ ನೋಡಿಕೊಂಡಾರು. ಆದರೂ ಬಾ. ನಿನಗೆ ನೀರು ಹಾಕಬೇಕು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಒತ್ತಬೇಕು ಅಂತ ಈ ಕೈಗಳು ಒದ್ದಾಡುತ್ತಿವೆ. ಚಪ್ಪಾಳೆ ತಟ್ಟಿದ ಕೈಗಳೇ ಇವು, ಬೇರೆ ಕೈ ನನಗಿಲ್ಲ. ಬಂದು ನನ್ನನ್ನು ಬೈಯಿ. ಮಾತು ಬಿಡು ಬೇಕಾದರೆ. ಆದರೆ ಈ ಮನೆಯಲ್ಲಿ ಇದ್ದುಕೊಂಡು ಬಿಡು.

ನೀನು ಬೇಡ ಅಂದರೂ ನಿಮ್ಮಪ್ಪ ಮುಂದಿನ ವಾರ ಕಡಲೂರಿಗೆ ಬರುತ್ತಾರೆ. ಬಿಸ್ಮಿಲ್ಲಾ ಬೀಯವರ ಭರಣಿ ತರುತ್ತಾರೆ. ನಾನು ಬರುವುದಿಲ್ಲ, ನೀನು ಬಾಗಿಲು ತೆಗೆಯದಿದ್ದರೆ ಅಂತ ಹೆದರಿಕೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಈ ಕಾಗದ ಅವರು ಓದಿದರೂ ಸರಿಯೇ.

ನಿನ್ನ ಮುಂದೆ ತಲೆ ಎತ್ತಲಾರದೆ ನಿನ್ನ ದಾರಿ ನೋಡುತ್ತಿರುವ,
ಅಮ್ಮ
ರಾಮಲಕ್ಷ್ಮಮ್ಮ

ಇನ್ನೊಂದು ಮಾತು: ನಿಮ್ಮಪ್ಪನಿಗೆ ಬರೆದ ಭಾಗದಲ್ಲಿ ನೀನು ಒಂದು ಸಾಲು ಬರೆದಿದ್ದೀಯೆ. ನಡುರಾತ್ರಿಯಲ್ಲಿ ಗಾಳಿ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು, ಬದುಕಿದೆವು ಅಂತ ಎಲ್ಲರೂ ಬಾಗಿಲು ತೆಗೆದು ಅಂಗಳಕ್ಕೆ ಬಂದೆವು, ಆಮೇಲೆ ಎದುರು ದಿಕ್ಕಿನಿಂದ ಮತ್ತೆ ಹೊಡೆಯಿತು ಅಂತ. ಅದು ಬಿರುಗಾಳಿಯ ಕಣ್ಣು, ಮಗಳೆ. ಅದರ ನಟ್ಟನಡುವೆ ಗಾಳಿಯೇ ಇರುವುದಿಲ್ಲವಂತೆ, ಮೋಡವೂ ಸರಿದಿರುತ್ತದಂತೆ. ಅದು ನಿಮ್ಮ ಅಂಗಳದ ಮೇಲೇ ಹಾದುಹೋಗಿದೆ. ಹೆಂಚು ಹಾರಿದ ಸಾಲು, ನೀನು ಮಂಚದ ಕೆಳಗೆ ಕೂತು ಅತ್ತ ಸಾಲು, ಇವುಗಳಿಗಿಂತ ಹೆಚ್ಚು ಸಲ ನಾನು ಓದಿದ್ದು ಆ ಸಾಲನ್ನೇ. ಇದನ್ನು ಬರೆಯದೆ ಕಾಗದ ಮಡಿಸಿಬಿಟ್ಟಿದ್ದೆ. ನಿನ್ನ ಅಮ್ಮ ಎಂಥವಳು ಅಂತ ತಿಳಿದುಕೊಂಡೇ ನೀನು ಬರುವುದೋ ಬಿಡುವುದೋ ತೀರ್ಮಾನ ಮಾಡಬೇಕು ಅನ್ನಿಸಿ ಮತ್ತೆ ಬಿಚ್ಚಿದೆ. ಉತ್ತರ ಬರೆಯಬೇಡ, ಬಂದಾಗ ಹೇಳಿದರೆ ಸಾಕು. ಅಂಗಳಕ್ಕೆ ಬಂದಾಗ ತಲೆ ಎತ್ತಿ ನೋಡಿದೆಯಾ, ನಕ್ಷತ್ರ ಕಾಣುತ್ತಿತ್ತೇ?